ಟಿವಿಯಲ್ಲಿ ಕಾಯಿಲೆ ಸುದ್ದಿ, ಕೈಯಲ್ಲಿ ವಿದೇಶದ ಟಿಕೆಟ್: ಮೊದಲು ಕ್ಯಾಲೆಂಡರ್ ತೆಗೆಯಿರಿ

2024ರ ಆಗಸ್ಟ್‌ನಲ್ಲಿ ಒಂದು ದಿನ ನಮ್ಮ ಎದುರುಮನೆ ಮಾವ ಬೆಳಗ್ಗೆ ಬೆಳಗ್ಗೆನೇ ಗೇಟು ತೆರೆದುಕೊಂಡು ಬಂದರು. ಮುಖ ಸಪ್ಪಗಿತ್ತು. ಮಗಳು ಅಳಿಯ ನೈರೋಬಿಯಲ್ಲಿದ್ದಾರೆ, ಅವಳ ಬಾಣಂತನಕ್ಕೆ ಅಂತ ಅತ್ತೆ-ಮಾವ ಇಬ್ಬರೂ ಹೊರಟಿದ್ದರು. ಹಿಂದಿನ ರಾತ್ರಿ ಟಿವಿಯಲ್ಲಿ ಆಫ್ರಿಕಾ, ಮಂಕಿಪಾಕ್ಸ್, ಜಾಗತಿಕ ತುರ್ತು ಪರಿಸ್ಥಿತಿ ಅಂತ ಒಂದೇ ಸಮನೆ ಬಂದಿದೆ.

"ಹೋಗ್ಬೇಕಾ ಬೇಡ್ವಾ ಹೇಳಪ್ಪ. ನಿಮ್ಮತ್ತೆ ಅಂಟಿನುಂಡೆ ಎಲ್ಲಾ ಕಟ್ಟಿಟ್ಟು ಕೂತಿದಾಳೆ."

ನಾನು ಕೇಳಿದ್ದು ಬೇರೆ. "ಮಾವ, ಹಳದಿ ಜ್ವರದ ಇಂಜೆಕ್ಷನ್ ಆಗಿದೆಯಾ?"

"ಅದ್ಯಾವುದದು?"

ವಿಮಾನಕ್ಕೆ ಇನ್ನು ಎಂಟೇ ದಿನ ಇತ್ತು.

ನಾನು ಡಾಕ್ಟರ್ ಅಲ್ಲ. ದಾವಣಗೆರೆಯಲ್ಲಿ ಒಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ, ಜೊತೆಗೆ ಪಾಸ್‌ಪೋರ್ಟ್, ವೀಸಾ ಅರ್ಜಿ ತುಂಬಿಕೊಡುತ್ತೇನೆ, ಟಿಕೆಟ್ ಪ್ರಿಂಟ್ ಹಾಕಿಕೊಡುತ್ತೇನೆ. ಊರಿಂದ ಹೊರದೇಶಕ್ಕೆ ಹೋಗುವವರ ಕಾಗದಗಳು ನನ್ನ ಟೇಬಲ್ ಮೇಲೆ ಹಾದುಹೋಗುತ್ತವೆ. ಇಷ್ಟು ವರ್ಷದಲ್ಲಿ ನಾನು ನೋಡಿದ್ದು ಏನಂದರೆ, ಕಾಯಿಲೆ ತಗುಲಿ ಪ್ರವಾಸ ಕೆಟ್ಟವರು ಬೆರಳೆಣಿಕೆಯಷ್ಟು. ತಾರೀಖಿನ ಲೆಕ್ಕ ತಪ್ಪಿ, ಒಂದು ಕಾಗದ ಇಲ್ಲದೆ, ಇಲ್ಲಾ ನಡುವೆ ವಿಮಾನ ಬದಲಿಸುವ ದೇಶ ಬಾಗಿಲು ಹಾಕಿಕೊಂಡು ಕೆಟ್ಟವರೇ ಜಾಸ್ತಿ. ಹಾಗಾಗಿ ಹೋಗೋದಾ ಬಿಡೋದಾ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಗೋಡೆ ಮೇಲಿನ ಕ್ಯಾಲೆಂಡರ್ ಕೆಳಗಿಳಿಸಿ, ಪೆನ್ನು ಹಿಡಿದು ಕೂರಿ.

ಕಾಯಿಲೆ ಹೇಗೆ ಹರಡುತ್ತದೆ ಅಂತ ನೋಡಿ

ಟಿವಿಯವರು ಎಲ್ಲಾ ಕಾಯಿಲೆಗೂ ಒಂದೇ ಸಂಗೀತ ಹಾಕುತ್ತಾರೆ. ನೀವು ಹಾಗೆ ಮಾಡಬೇಡಿ. ಸೊಳ್ಳೆಯಿಂದ ಬರುತ್ತದಾ, ಮೈಗೆ ಮೈ ತಾಗಿ ಬರುತ್ತದಾ, ಉಸಿರಿನಿಂದ ಬರುತ್ತದಾ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಬಾಗಿಲು ಹಾಕುವುದಾ, ಬರೀ ಲಸಿಕೆ ಕಾರ್ಡು ಕೇಳುವುದಾ, ಸುಮ್ಮನೆ ಒಳಗೆ ಬಿಡುವುದಾ ಅನ್ನುವುದು ಬಹುಪಾಲು ಇದರ ಮೇಲೆಯೇ ನಿಂತಿರುತ್ತದೆ.

ಡೆಂಗಿ, ಚಿಕೂನ್‌ಗುನ್ಯಾ ಜಾಸ್ತಿ ಆಗಿದೆ ಅಂತ ಸುದ್ದಿ ಬಂದರೆ ವಿಮಾನ ನಿಲ್ಲುವುದಿಲ್ಲ. ಥಾಯ್ಲೆಂಡ್, ಬಾಲಿ ಕಡೆ ಡೆಂಗಿ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ನಮ್ಮಲ್ಲೂ ಇರುತ್ತದೆ. ಡೆಂಗಿಗೆ ಹೆದರಿ ಟಿಕೆಟ್ ರದ್ದು ಮಾಡುವುದಾದರೆ ಮೊದಲು ದಾವಣಗೆರೆ ಬಿಡಬೇಕಾಗುತ್ತದೆ! ತುಂಬು ತೋಳಿನ ಅಂಗಿ, ಸೊಳ್ಳೆಗೆ ಹಚ್ಚುವ ಮುಲಾಮು ಇಟ್ಟುಕೊಂಡು ಹೋಗಿ ಬನ್ನಿ. ಝೀಕಾ ಮಾತ್ರ ಬೇರೆ. ಅದೂ ಸೊಳ್ಳೆಯದೇ, ದೊಡ್ಡವರಿಗೆ ಸಣ್ಣ ಜ್ವರ ಬಂದು ಹೋಗುತ್ತದೆ, ಆದರೆ ಬಸುರಿಗೆ ಬಂದರೆ ಮಗುವಿನ ತಲೆ ಚಿಕ್ಕದಾಗಿ ಹುಟ್ಟುವ ಅಪಾಯ ಇದೆ. 2016ರ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಘೋಷಿಸಿದ್ದು ಇದಕ್ಕೇ. ಮನೆಯಲ್ಲಿ ಬಸುರಿ ಇದ್ದರೆ ಝೀಕಾ ಎದ್ದಿರುವ ಕಡೆ ಕರೆದುಕೊಂಡು ಹೋಗಬೇಡಿ. ಇದರಲ್ಲಿ ಎರಡನೇ ಮಾತಿಲ್ಲ.

ಎಬೋಲಾದಂಥದ್ದು ರೋಗಿಯ ರಕ್ತ, ವಾಂತಿ, ಬೆವರು ತಾಗಿ ಹರಡುತ್ತದೆ. ಕಾಯಿಲೆ ಮೈಯೊಳಗೆ ಸೇರಿ ಹೊರಗೆ ಕಾಣಿಸಿಕೊಳ್ಳಲು 2ರಿಂದ 21 ದಿನ. ಅದಕ್ಕೇ ಆ ದೇಶದಿಂದ ಬಂದವರನ್ನು 21 ದಿನ ಗಮನಿಸುತ್ತಾರೆ. ಅಂಥ ಕಡೆ ಮದುವೆ, ಟೂರು ಅಂತ ಹೋಗುವ ಅಗತ್ಯ ಏನಿದೆ, ಮುಂದೂಡಿ.

ಉಸಿರಿನಿಂದ ಹರಡುವುದು ಬಂದರೆ ಮಾತ್ರ ಬಾಗಿಲುಗಳು ಪಟಪಟ ಮುಚ್ಚುತ್ತವೆ. ಕೋವಿಡ್‌ದು ನೆನಪಿದೆ ಅಲ್ವಾ? 2020ರ ಜನವರಿ 30ಕ್ಕೆ ಜಾಗತಿಕ ತುರ್ತು ಪರಿಸ್ಥಿತಿ ಅಂದರು. ಎರಡು ತಿಂಗಳು ಕೂಡ ಆಗಿರಲಿಲ್ಲ, ಮಾರ್ಚ್ 23ರ ಹೊತ್ತಿಗೆ ನಮ್ಮ ದೇಶದ ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳು ನಿಂತವು. ಅವು ಮತ್ತೆ ಮೊದಲಿನಂತೆ ಶುರುವಾಗಿದ್ದು 2022ರ ಮಾರ್ಚ್ 27ಕ್ಕೆ.

ಇನ್ನೊಂದು ಮಾತು. ‘ಜಾಗತಿಕ ತುರ್ತು ಪರಿಸ್ಥಿತಿ’ ಅಂದಾಕ್ಷಣ ಪ್ರಯಾಣ ನಿಷೇಧ ಅಂತ ಅರ್ಥ ಅಲ್ಲ. ಪೋಲಿಯೋಗೆ 2014ರ ಮೇ ತಿಂಗಳಲ್ಲಿ ಇದೇ ಘೋಷಣೆ ಆಯಿತು. ಹತ್ತು ವರ್ಷ ದಾಟಿದರೂ ಅದನ್ನು ತೆಗೆಯಲಿಲ್ಲ. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಮಾವ ಹೆದರಿದ್ದ ಮಂಕಿಪಾಕ್ಸ್‌ಗೂ 2024ರ ಆಗಸ್ಟ್ 14ಕ್ಕೆ ಘೋಷಣೆ ಆಯಿತು, ವಿಮಾನಗಳು ಹಾರುತ್ತಲೇ ಇದ್ದವು. ಅದು ಹತ್ತಿರದಿಂದ ಮೈ ತಾಗಿ ಹರಡುವಂಥದ್ದು. ಮಗಳ ಮನೆಯಲ್ಲಿ ಬಾಣಂತನ ಮಾಡಿಕೊಂಡು ಕೂರುವವರಿಗೆ ದೊಡ್ಡ ಗಾಬರಿ ಬೇಕಿರಲಿಲ್ಲ.

ಮಾವನನ್ನು ನಿಲ್ಲಿಸಿದ್ದು ಟಿವಿಯಲ್ಲಿ ಬಂದ ಕಾಯಿಲೆ ಅಲ್ಲ, ಟಿವಿಯಲ್ಲಿ ಬರದೇ ಇದ್ದ ಕಾಯಿಲೆ.

ಹಳದಿ ಕಾರ್ಡು

ಹಳದಿ ಜ್ವರ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಲ್ಲಿದೆ, ನಮ್ಮಲ್ಲಿಲ್ಲ. ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ. ಅದೇ ರೀ, ತೊಟ್ಟಿ, ಹಳೇ ಟೈರು, ತೆಂಗಿನ ಚಿಪ್ಪಿನ ನೀರಲ್ಲಿ ಮರಿ ಮಾಡುವ ಡೆಂಗಿ ಸೊಳ್ಳೆ. ಒಬ್ಬ ರೋಗಿ ಬಂದು ಇಳಿದರೂ ಸಾಕು, ಹರಡಲು ಸೊಳ್ಳೆ ಇಲ್ಲಿ ಕಾದು ಕೂತಿದೆ. ಅದಕ್ಕೇ ಈ ಒಂದು ವಿಷಯದಲ್ಲಿ ಭಾರತ ತುಂಬಾ ಕಟ್ಟುನಿಟ್ಟು. ಕೆನ್ಯಾ, ಉಗಾಂಡಾ, ಇಥಿಯೋಪಿಯಾ, ಸುಡಾನ್, ನೈಜೀರಿಯಾದಂಥ ಪಟ್ಟಿಯಲ್ಲಿರುವ ದೇಶದಿಂದ ಬರುವಾಗ ಈ ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡು ಇಲ್ಲ ಅಂದರೆ 6 ದಿನದವರೆಗೆ ಪ್ರತ್ಯೇಕ ಇಡುತ್ತಾರೆ. ಆ ಕಾಯಿಲೆ ಹೊರಗೆ ಕಾಣಿಸಿಕೊಳ್ಳಲು 3ರಿಂದ 6 ದಿನ ಬೇಕು, ಅಲ್ಲಿಂದ ಬಂದ ಲೆಕ್ಕ ಅದು. ನೀವು ಭಾರತೀಯರು, ಮನೆ ಇಲ್ಲೇ ಚಿತ್ರದುರ್ಗದಲ್ಲಿದೆ ಅಂತ ಹೇಳಿದರೆ ನಡೆಯುವುದಿಲ್ಲ.

ಇದು ಪುಸ್ತಕದ ಮಾತಲ್ಲ. ನಮ್ಮ ಚನ್ನಗಿರಿ ಕಡೆಯ, ಶಿವಮೊಗ್ಗ ಕಡೆಯ ಹಕ್ಕಿಪಿಕ್ಕಿ ಜನ ತಲೆಗೂದಲಿನ ಎಣ್ಣೆ, ನಾಟಿ ಔಷಧ ಮಾರಲು ವರ್ಷಗಳಿಂದ ಆಫ್ರಿಕಾದ ದೇಶಗಳಿಗೆ ಹೋಗಿ ಬರುತ್ತಾರೆ. ನಿಜ ಹೇಳಬೇಕೆಂದರೆ ಆಫ್ರಿಕಾ ಪ್ರಯಾಣದ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಅವರಷ್ಟು ತಿಳಿದವರು ಕಡಿಮೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾಗಿ ಅವರಲ್ಲಿ ಕೆಲವರು ಸಿಕ್ಕಿಹಾಕಿಕೊಂಡರು. ಆಪರೇಷನ್ ಕಾವೇರಿ ಅಂತ ಮಾಡಿ ಸರ್ಕಾರ ಭಾರತೀಯರನ್ನು ಕರೆತಂದಿತು. ಗುಂಡಿನ ನಡುವಿನಿಂದ ಜೀವ ಉಳಿಸಿಕೊಂಡು ಬಂದವರನ್ನೂ ಕಾರ್ಡು ಕೇಳಿದರು. ಒಂದು ಹಂತದಲ್ಲಿ ದೇಶದಲ್ಲಿ ಒಟ್ಟು 117 ಮಂದಿ ಲಸಿಕೆ ಆಗಿಲ್ಲ ಅಂತ ಕ್ವಾರಂಟೈನ್‌ನಲ್ಲಿದ್ದರು. ಯುದ್ಧದಿಂದ ಓಡಿ ಬಂದವರಿಗೇ ವಿನಾಯಿತಿ ಇಲ್ಲ ಅಂದಮೇಲೆ ಸಫಾರಿ ನೋಡಿ ಬಂದವರಿಗೆ ಎಲ್ಲಿಂದ ಸಿಗಬೇಕು?

ಈಗ ಕೆಲಸದ ಮಾತು. ಈ ಲಸಿಕೆ ಕಂಡಕಂಡ ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ಕೇಂದ್ರ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ನಮ್ಮವರು ಬೆಂಗಳೂರಿಗೇ ಹೋಗುತ್ತಾರೆ. ಒಂದು ಸೀಸೆಯಲ್ಲಿ ಹಲವು ಡೋಸ್ ಇರುತ್ತದೆ, ಕಲೆಸಿದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಅದಕ್ಕೇ ಜನ ಸೇರಿಸಿ, ಇಂಥ ದಿನ ಅಂತ ಇಟ್ಟುಕೊಂಡು ಹಾಕುತ್ತಾರೆ. ಮೊದಲು ಫೋನ್ ಮಾಡಿ ದಿನ, ಸಮಯ ಕೇಳಿಕೊಂಡೇ ರೈಲು ಹತ್ತಿ, ಸುಮ್ನೆ ಹೋಗಿ ಬಾಗಿಲು ನೋಡಿಕೊಂಡು ಬರಬೇಡಿ. ಪಾಸ್‌ಪೋರ್ಟ್ ಅಸಲಿ ಒಯ್ಯಿರಿ, ಅದರ ನಂಬರನ್ನು ಹಳದಿ ಕಾರ್ಡಿನ ಮೇಲೆ ಬರೆಯುತ್ತಾರೆ. ಹೆಸರಿನ ಅಕ್ಷರ, ನಂಬರ್ ಅಲ್ಲೇ ನಿಂತು ಸರಿ ನೋಡಿಕೊಳ್ಳಿ. ಇಂಜೆಕ್ಷನ್ ಆದ 10 ದಿನದ ಮೇಲೆ ಕಾರ್ಡು ಊರ್ಜಿತ ಆಗುತ್ತದೆ. ಆಮೇಲೆ ಜೀವನಪರ್ಯಂತ ನಡೆಯುತ್ತದೆ. ಮೊದಲು ಹತ್ತು ವರ್ಷ ಅಂತಿತ್ತು, 2016ರ ಜುಲೈನಿಂದ ಆ ನಿಯಮ ಹೋಯಿತು. ನಿಮ್ಮ ಹಳೇ ಕಾರ್ಡು ಇದ್ದರೆ ಬಿಸಾಡಬೇಡಿ, ಪಾಸ್‌ಪೋರ್ಟ್ ಜೊತೆಗೇ ಇಡಿ.

ಇದು ಜೀವಂತ ವೈರಸ್ಸನ್ನು ದುರ್ಬಲ ಮಾಡಿ ತಯಾರಿಸಿದ ಲಸಿಕೆ. 9 ತಿಂಗಳಿಗಿಂತ ಚಿಕ್ಕ ಮಕ್ಕಳಿಗೆ ಹಾಕುವುದಿಲ್ಲ. 60 ದಾಟಿದವರು, ಮೊಟ್ಟೆ ತಿಂದರೆ ತೀವ್ರ ಅಲರ್ಜಿ ಆಗುವವರು, ಬಸುರಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಇವರೆಲ್ಲ ಟಿಕೆಟ್ ಕೊಳ್ಳುವ ಮೊದಲೇ ಡಾಕ್ಟರನ್ನು ಕೇಳಬೇಕು. ಟಿಕೆಟ್ ಆದಮೇಲೆ ಅಲ್ಲ.

ಮಾವನಿಗೆ 58, ಅತ್ತೆಗೆ 54, ಆ ತೊಂದರೆ ಇರಲಿಲ್ಲ. ಮಾವ ಲೆಕ್ಕ ಹಾಕಿದರು: "ಕಾರ್ಡು ಕೇಳೋದು ವಾಪಸ್ ಬರೋವಾಗ ತಾನೇ? ನಾವು ಬರೋದು ಮೂರು ತಿಂಗಳಿಗೆ. ಅಷ್ಟರಲ್ಲಿ ಹತ್ತು ದಿನ ಎಲ್ಲಿ ಹೋಗುತ್ತೆ?" ಲೆಕ್ಕ ತಪ್ಪಲ್ಲ. ಆದರೆ ಅಲ್ಲಿ ಇಳಿದ ಮೊದಲ ಕೆಲವು ದಿನ ಮೈಯಲ್ಲಿ ಪೂರ್ತಿ ರಕ್ಷಣೆ ಇರುವುದಿಲ್ಲ. ಜೊತೆಗೆ ಊರಲ್ಲಿ ತೊಂಬತ್ತು ವರ್ಷದ ಅಜ್ಜಿ ಇದ್ದಾರೆ. ಏನಾದರೂ ಆಗಿ ಆ ಹತ್ತು ದಿನ ತುಂಬುವ ಮೊದಲೇ ವಾಪಸ್ ಹೊರಟರೆ ಬಂದು ಇಳಿದವರು ಊರಿಗೆ ಬರುವುದಿಲ್ಲ, ಕ್ವಾರಂಟೈನ್‌ಗೆ ಹೋಗುತ್ತಾರೆ. ಇದನ್ನು ಕೇಳಿದ ಮೇಲೆ ಅತ್ತೆಯೇ ತೀರ್ಮಾನ ಮಾಡಿದರು. ಮಗಳಿಗೆ ದಿನ ತುಂಬಲು ಇನ್ನೂ ಒಂದು ತಿಂಗಳಿತ್ತು, ಟಿಕೆಟ್ ಎರಡು ವಾರ ಮುಂದಕ್ಕೆ ಹಾಕಿದರು. ಕಟ್ಟಿದ ವ್ಯತ್ಯಾಸದ ದುಡ್ಡಲ್ಲಿ ನಮ್ಮ ಬೀದಿಗೆಲ್ಲ ಒಂದು ತಿಂಗಳು ಬೆಣ್ಣೆದೋಸೆ ತಿನ್ನಿಸಬಹುದಿತ್ತು.

ಉಮ್ರಾಗೆ, ಓದಿಗೆ, ಕೆಲಸಕ್ಕೆ

ಉಮ್ರಾ, ಹಜ್‌ಗೆ ಹೋಗುವವರಿಗೆ ಬೇರೆ ಲೆಕ್ಕ. ಲಕ್ಷಗಟ್ಟಲೆ ಜನ ಒಂದೇ ಕಡೆ ಸೇರುವ ಜಾಗ, ಮೆದುಳು ಪೊರೆಯ ಜ್ವರ ಅಲ್ಲಿ ಹಿಂದೆ ಎದ್ದಿದೆ. ಅದಕ್ಕೇ ಸೌದಿ ಸರ್ಕಾರ ಎಸಿವೈಡಬ್ಲ್ಯೂ ಅನ್ನುವ ಮೆನಿಂಜೈಟಿಸ್ ಲಸಿಕೆ ಕೇಳುತ್ತದೆ, ಅಲ್ಲಿ ಇಳಿಯುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿರಬೇಕು. ಲಸಿಕೆಯ ಬಗೆ ಮೇಲೆ 3 ಅಥವಾ 5 ವರ್ಷ ನಡೆಯುತ್ತದೆ, ಯಾವುದು ಹಾಕಿದ್ದಾರೆ ಅಂತ ಸರ್ಟಿಫಿಕೇಟ್‌ನಲ್ಲಿ ಬರೆಸಿಕೊಳ್ಳಿ. ಟೂರ್‌ನವರು ಎಲ್ಲಾ ನೋಡಿಕೊಳ್ಳುತ್ತಾರೆ ಅಂತ ಕೂರಬೇಡಿ, ಗುಂಪಿನಲ್ಲಿ ಕೊನೆಗೆ ಸೇರಿದವರ ಲಸಿಕೆಯೇ ತಪ್ಪುವುದು. ಅಲ್ಲಿ ಒಂಟೆ ಹತ್ತಿರ ಹೋಗಿ ಫೋಟೋ ತೆಗೆಸಿಕೊಳ್ಳುವುದು, ಕಾಯಿಸದ ಒಂಟೆ ಹಾಲು ಕುಡಿಯುವುದು ಬೇಡ. 2012ರಲ್ಲಿ ಮೊದಲು ಗುರುತಿಸಿದ ಮರ್ಸ್ ಅನ್ನುವ ಕಾಯಿಲೆಗೆ ಒಂಟೆಯದೇ ನಂಟು.

ಓದಲು ಹೋಗುವ ಮಕ್ಕಳ ಅಪ್ಪ-ಅಮ್ಮಂದಿರು ಗಮನಿಸಿ. ಬ್ರಿಟನ್‌ಗೆ ಆರು ತಿಂಗಳಿಗಿಂತ ಜಾಸ್ತಿ ಇರುವ ವೀಸಾ ಅಂದರೆ ಕ್ಷಯದ ಪರೀಕ್ಷೆ ಕಡ್ಡಾಯ. ಅವರು ಪಟ್ಟಿ ಮಾಡಿದ ಕ್ಲಿನಿಕ್‌ನಲ್ಲೇ ಆಗಬೇಕು. ಇಲ್ಲಿ ನಮ್ಮೂರಲ್ಲಿ ತೆಗೆಸಿದ ಎದೆ ಎಕ್ಸ್‌ರೇ ಎಷ್ಟೇ ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ. ಸರ್ಟಿಫಿಕೇಟ್ 6 ತಿಂಗಳು ಮಾತ್ರ ನಡೆಯುತ್ತದೆ, ಅವಸರ ಮಾಡಿ ತೀರಾ ಮೊದಲೇ ಮಾಡಿಸಿದರೂ ಕಷ್ಟ.

ಅಮೆರಿಕದ ಬಹಳಷ್ಟು ಯೂನಿವರ್ಸಿಟಿಗಳು ಎಂಎಂಆರ್, ಅಂದರೆ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ, ಎರಡು ಡೋಸ್ ಕೇಳುತ್ತವೆ. 2025ರಲ್ಲಿ ಟೆಕ್ಸಾಸ್‌ನಲ್ಲಿ ದಡಾರ ಎದ್ದ ಮೇಲೆ ಇದರ ಮಾತು ಇನ್ನೂ ಜೋರಾಯಿತು. ಇಲ್ಲಿ ಒಂದು ಸಣ್ಣ ಮುಳ್ಳಿದೆ. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಹಾಕುವುದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾ, ಮಂಗನಬಾವಿನದು ಅದರಲ್ಲಿಲ್ಲ. ಹಾಗಾಗಿ ಶಾಲೆಯಲ್ಲಿ ಇಂಜೆಕ್ಷನ್ ಆಗಿದೆ ಅಂದರೂ ಅವರು ಒಪ್ಪದೇ ಇರಬಹುದು. ಇನ್ನು ಹುಟ್ಟಿದಾಗಿನ ತಾಯಿ ಕಾರ್ಡು, ಅದು ಬಹಳ ಮನೆಗಳಲ್ಲಿ ಹಳೇ ಟ್ರಂಕಿನ ತಳದಲ್ಲಿ ಇಲಿ ಪಾಲಾಗಿರುತ್ತದೆ. ಸಿಗದಿದ್ದರೆ ರಕ್ತದಲ್ಲಿ ಪ್ರತಿಕಾಯ ಇದೆಯಾ ಅಂತ ನೋಡುವ ಪರೀಕ್ಷೆಯನ್ನು ಸಾಮಾನ್ಯವಾಗಿ ಒಪ್ಪುತ್ತಾರೆ, ಇಲ್ಲಾ ಎರಡು ಡೋಸ್ ಹೊಸದಾಗಿ ಹಾಕಿಸಬೇಕು. ಎರಡರ ನಡುವೆ ಕನಿಷ್ಠ 28 ದಿನ ಅಂತರ ಬೇಕು. ಅಂದರೆ ಜುಲೈ ಕೊನೆಗೆ ನೆನಪಾದರೆ ಆಗಸ್ಟ್ ವಿಮಾನಕ್ಕೆ ಒಂದೇ ಡೋಸ್ ಆಗಿರುತ್ತದೆ. ಮೇ ತಿಂಗಳಲ್ಲೇ ನೆನಪು ಮಾಡಿಕೊಳ್ಳಿ.

ಕೊಲ್ಲಿ ದೇಶಕ್ಕೆ ಕೆಲಸಕ್ಕೆ ಹೋಗುವವರಿಗೆ ಮೆಡಿಕಲ್ ಇದ್ದೇ ಇದೆ, ಅದರ ಬಗ್ಗೆ ನಾನು ಹೊಸದಾಗಿ ಹೇಳುವುದೇನಿಲ್ಲ.

ನಡುವಿನ ದೇಶವನ್ನು ಮರೆಯಬೇಡಿ

ನಮ್ಮ ಅಕ್ಕನ ಮಗನದು ಹೇಳಿದರೆ ನಿಮಗೆ ಅರ್ಥ ಆಗುತ್ತದೆ. 2021ರಲ್ಲಿ ಕೆನಡಾದಲ್ಲಿ ಸೀಟು ಸಿಕ್ಕಿತು, ಫೀಸು ಕಟ್ಟಿದ್ದಾಯಿತು, ವೀಸಾ ಬಂತು. ದುಬೈ ಮೇಲೆ ಟಿಕೆಟ್. ಆ ಹೊತ್ತಿಗೆ ಎರಡನೇ ಅಲೆ. ಏಪ್ರಿಲ್ 22ರಿಂದ ಕೆನಡಾ ಭಾರತದ ನೇರ ವಿಮಾನ ನಿಲ್ಲಿಸಿತು. ಎರಡು ದಿನ ಬಿಟ್ಟು ಯುಎಇ ಭಾರತದವರಿಗೆ ಬಾಗಿಲು ಹಾಕಿತು, ಬರೀ ಅಲ್ಲಿ ಇಳಿಯುವವರಿಗಲ್ಲ, ಅಲ್ಲಿ ವಿಮಾನ ಬದಲಿಸಿ ಮುಂದೆ ಹೋಗುವವರಿಗೂ. ಆಸ್ಟ್ರೇಲಿಯಾ ಅಂತೂ ತನ್ನ ಪ್ರಜೆಗಳೇ ಆದರೂ ಭಾರತದಿಂದ ಬಂದರೆ ಜೈಲು ಅಂದುಬಿಟ್ಟಿತು. ಕಾಯಿಲೆ ಬೇರೆ ದೇಶದಲ್ಲಿ ಏಳುತ್ತದೆ, ನಾವು ಹೋಗುವುದನ್ನು ಯೋಚಿಸಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಬಾಗಿಲು ನಮ್ಮ ಮುಖದ ಮೇಲೂ ಬೀಳುತ್ತದೆ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಅಂತ ಸುದ್ದಿ ಆದಾಗಲೂ ಎಷ್ಟೋ ದೇಶಗಳು ಭಾರತದ ಕಡೆಯ ವಿಮಾನ ನಿಲ್ಲಿಸಿದ್ದವು.

ಹುಡುಗ ಏನು ಮಾಡಿದ? ಕೆನಡಾದ ನಿಯಮದಲ್ಲಿ ಒಂದು ಸಂದಿ ಇತ್ತು. ಬೇರೊಂದು ದೇಶಕ್ಕೆ ಹೋಗಿ, ಅಲ್ಲಿ ಆರ್‌ಟಿಪಿಸಿಆರ್ ಮಾಡಿಸಿ ಬಂದರೆ ಒಳಗೆ ಬಿಡುತ್ತಿದ್ದರು. ಆಗಸ್ಟ್‌ನಲ್ಲಿ ಮಾಲ್ಡೀವ್ಸ್‌ಗೆ ಹೋಗಿ ನಾಲ್ಕು ದಿನ ಕೂತು, ಪರೀಕ್ಷೆ ಮಾಡಿಸಿ, ಯುರೋಪ್ ಮೇಲೆ ಹೋದ. ಖರ್ಚು ಎರಡು ಪಟ್ಟು. ಅವನು ರೂಮಿನಲ್ಲಿ ಬ್ರೆಡ್ಡು ತಿಂದುಕೊಂಡು ರಿಪೋರ್ಟ್‌ಗೆ ಕಾಯುತ್ತಿದ್ದರೆ, ಇಲ್ಲಿ ನೆಂಟರೆಲ್ಲ ‘ಓದಕ್ಕೆ ಹೋಗ್ತೀನಿ ಅಂದು ಮಾಲ್ಡೀವ್ಸಲ್ಲಿ ಮಜಾ ಮಾಡ್ತಿದಾನೆ’ ಅಂತ ಆಡಿಕೊಂಡರು. ಅಕ್ಕ ಇವತ್ತಿಗೂ ಅದನ್ನು ಮರೆತಿಲ್ಲ.

ಅವನಿಗೆ ಲಸಿಕೆಯದೂ ತಾರೀಖಿನ ಕಥೆಯೇ. ಆಗ ಕೋವಿಶೀಲ್ಡ್ ಎರಡು ಡೋಸ್ ನಡುವೆ 84 ದಿನ ಬೇಕಿತ್ತು. ಓದು, ಕೆಲಸಕ್ಕೆ ಹೊರದೇಶಕ್ಕೆ ಹೋಗುವವರಿಗೆ 28 ದಿನಕ್ಕೇ ಹಾಕಬಹುದು ಅಂತ ಜೂನ್‌ನಲ್ಲಿ ಆದೇಶ ಬಂತು, ಸರ್ಟಿಫಿಕೇಟ್‌ನಲ್ಲಿ ಪಾಸ್‌ಪೋರ್ಟ್ ನಂಬರ್ ಸೇರಿಸುವ ವ್ಯವಸ್ಥೆಯೂ ಬಂತು. ಇಂಥ ವಿನಾಯಿತಿ ಇದೆ ಅಂತ ಗೊತ್ತಿಲ್ಲದೆ ಸುಮ್ಮನೆ 84 ದಿನ ಕಾದ ಹುಡುಗರನ್ನು ನಾನೇ ನೋಡಿದ್ದೇನೆ. ಕೇಳಬೇಕು ರೀ. ಕೌಂಟರ್‌ನಲ್ಲಿರುವವರು ತಾವಾಗಿ ಹೇಳುವುದಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ನಮ್ಮ ಲಸಿಕೆ ಸರ್ಟಿಫಿಕೇಟ್ ಒಪ್ಪದೆ 10 ದಿನ ಕ್ವಾರಂಟೈನ್ ಅಂದಿತು. ಆ ಲಸಿಕೆ ಅಲ್ಲಿಯ ಆಕ್ಸ್‌ಫರ್ಡ್‌ನವರದ್ದೇ! ಲಸಿಕೆ ಆಗಿದ್ದರೆ ಸಾಲದು, ಯಾವ ಲಸಿಕೆ, ಯಾವ ಕಾಗದ ಅವರಿಗೆ ಆಗುತ್ತದೆ ಅನ್ನುವುದನ್ನೂ ನೋಡಬೇಕು.

ಹಳದಿ ಜ್ವರದ ವಿಷಯದಲ್ಲೂ ನಡುವಿನ ದೇಶ ಬರುತ್ತದೆ. ಇಥಿಯೋಪಿಯಾದ ಆಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ ಬಂದಿರಿ ಅಂತಿಟ್ಟುಕೊಳ್ಳಿ. ಏರ್‌ಪೋರ್ಟ್ ಬಿಟ್ಟು ಹೊರಗೆ ಕಾಲಿಟ್ಟಿಲ್ಲ ಅಂದರೆ ವಿನಾಯಿತಿ ಇದೆ, ಆದರೆ ಅದನ್ನು ಒಪ್ಪುವುದು ಬಿಡುವುದು ಇಲ್ಲಿನ ಏರ್‌ಪೋರ್ಟ್ ಆರೋಗ್ಯಾಧಿಕಾರಿಗೆ ಬಿಟ್ಟಿದ್ದು. ವಿಮಾನ ತಪ್ಪಿ ಒಂದು ರಾತ್ರಿ ಹೋಟೆಲ್‌ಗೆ ಹೋದಿರೋ, ಆ ವಿನಾಯಿತಿ ಹೋಯಿತು. ಅಗ್ಗ ಅಂತ ಟಿಕೆಟ್ ಕೊಳ್ಳುವಾಗ ವಿಮಾನ ಎಲ್ಲಿ ಇಳಿದು ಏಳುತ್ತದೆ ನೋಡಿ.

ನಿಯಮ ಎಲ್ಲಿ ನೋಡಬೇಕು

ವಾಟ್ಸಾಪ್‌ನಲ್ಲಿ ಅಲ್ಲ. ಭಾವನ ಸ್ನೇಹಿತ ಹೋದ ವರ್ಷ ಹೋಗಿ ಬಂದ ಅನ್ನುವ ಮಾತೂ ಅಲ್ಲ, ಹೋದ ವರ್ಷದ್ದು ಹೋದ ವರ್ಷಕ್ಕೆ ಆಯಿತು. ಹೋಗುವ ದೇಶದ ಸರ್ಕಾರದ ವೆಬ್‌ಸೈಟು, ಅಲ್ಲಿರುವ ಭಾರತದ ರಾಯಭಾರ ಕಚೇರಿಯ ಪುಟ, ಕಾಯಿಲೆಯ ನಿಜ ಸ್ಥಿತಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕುವ ಸುದ್ದಿ, ಇಷ್ಟು ಸಾಕು. ಇದೆಲ್ಲಕ್ಕಿಂತ ಮುಖ್ಯವಾದದ್ದು ಬಹಳ ಜನಕ್ಕೆ ಗೊತ್ತಿಲ್ಲ. ಚೆಕ್‌ಇನ್ ಕೌಂಟರ್‌ನಲ್ಲಿ ನಿಮ್ಮ ಪಾಸ್‌ಪೋರ್ಟ್ ಹಿಡಿದು ಅವರು ಕಂಪ್ಯೂಟರ್ ನೋಡುತ್ತಾರಲ್ಲ, ಅದು ಟಿಮ್ಯಾಟಿಕ್ ಅನ್ನುವ ಪಟ್ಟಿ. ಯಾವ ದೇಶದವರು ಯಾವ ದೇಶದ ಮೇಲೆ ಎಲ್ಲಿಗೆ ಹೋದರೆ ಏನೇನು ಕಾಗದ ಬೇಕು ಅಂತ ಅದರಲ್ಲಿರುತ್ತದೆ. ಕಾಗದ ಇಲ್ಲದವರನ್ನು ಹತ್ತಿಸಿಕೊಂಡು ಹೋದರೆ ವಿಮಾನ ಕಂಪನಿಗೇ ದಂಡ, ವಾಪಸ್ ಕರೆತರುವ ಖರ್ಚೂ ಅವರದ್ದೇ. ಹಾಗಾಗಿ ಅಲ್ಲಿ ನೀವು ಎಷ್ಟು ಜಗಳ ಆಡಿದರೂ ಪರದೆ ಮೇಲಿದ್ದದ್ದೇ ನಡೆಯುವುದು. ಅದೇ ಮಾಹಿತಿಯನ್ನು ಐಎಟಿಎ ಟ್ರಾವೆಲ್ ಸೆಂಟರ್ ಅನ್ನುವ ಪುಟದಲ್ಲಿ ನಾವೂ ನೋಡಬಹುದು. ಟಿಕೆಟ್ ಕೊಳ್ಳುವ ಮೊದಲು ಒಮ್ಮೆ, ವಾರ ಮೊದಲು ಒಮ್ಮೆ, ಹೊರಡುವ ಹಿಂದಿನ ದಿನ ಒಮ್ಮೆ. ನಾವು ದಾವಣಗೆರೆಯವರು ಏರ್‌ಪೋರ್ಟ್ ಮುಟ್ಟಲು ಹತ್ತತ್ರ ಐದು ಗಂಟೆ ಹೈವೇಯಲ್ಲಿ ಕೂರಬೇಕು, ಬೆಂಗಳೂರಿನವರ ಹಾಗೆ ಮನೆಗೆ ಓಡಿಹೋಗಿ ಕಾಗದ ತರುವ ಹಾಗಿಲ್ಲ.

‘ಮುಂದಿನ ತಿಂಗಳಿಂದ ವಿಮಾನ ಶುರು’ ಅನ್ನುವ ಸುದ್ದಿಯನ್ನೂ ಪೂರ್ತಿ ನಂಬಬೇಡಿ. 2021ರ ನವೆಂಬರ್ 26ಕ್ಕೆ ನಮ್ಮ ಸರ್ಕಾರ ಡಿಸೆಂಬರ್ 15ರಿಂದ ಅಂತರರಾಷ್ಟ್ರೀಯ ವಿಮಾನ ಶುರು ಅಂದಿತು. ಅಷ್ಟರಲ್ಲಿ ಒಮಿಕ್ರಾನ್. ಡಿಸೆಂಬರ್ 1ಕ್ಕೆ ಆ ಮಾತು ವಾಪಸ್. ಐದು ದಿನ!

ದುಡ್ಡಿನ ಮಾತು

ಇಲ್ಲಿ ನಾನೇ ಏಟು ತಿಂದವನು. 2020ರ ಏಪ್ರಿಲ್ ರಜೆಗೆ ಸಿಂಗಪುರಕ್ಕೆ ನಾಲ್ಕು ಟಿಕೆಟ್, ಒಂದು ಆನ್‌ಲೈನ್ ಬುಕಿಂಗ್ ಕಂಪನಿಯಲ್ಲಿ ಅಗ್ಗ ಅಂತ ತೆಗೆದಿದ್ದೆ. ಮಾರ್ಚ್ ಎರಡನೇ ವಾರ ಹೆದರಿ ನಾನೇ ರದ್ದು ಮಾಡಿದೆ. ಆ ‘ನಾನೇ’ ಅನ್ನುವುದೇ ತಪ್ಪು. ಹತ್ತು ದಿನ ತಡೆದಿದ್ದರೆ ವಿಮಾನವೇ ರದ್ದಾಗುತ್ತಿತ್ತು. ಕಂಪನಿ ವಿಮಾನ ರದ್ದು ಮಾಡಿದರೆ ದುಡ್ಡು ವಾಪಸ್ ಕೇಳುವ ಹಕ್ಕು ಇರುತ್ತದೆ. ನಾವಾಗಿ ಹೆದರಿ ರದ್ದು ಮಾಡಿದರೆ ಟಿಕೆಟ್‌ನ ಷರತ್ತಿನಲ್ಲಿ ಇದ್ದಷ್ಟೇ. ನನಗೆ ಬಂದದ್ದು ತೆರಿಗೆಯ ಚಿಲ್ಲರೆ. ಆಮೇಲೆ 2020ರ ಅಕ್ಟೋಬರ್ 1ಕ್ಕೆ ಸುಪ್ರೀಂ ಕೋರ್ಟ್ ಲಾಕ್‌ಡೌನ್ ಕಾಲದ ಟಿಕೆಟ್‌ಗಳ ಹಣ ಹಿಂದಿರುಗಿಸುವ ಬಗ್ಗೆ ಆದೇಶ ಕೊಟ್ಟಾಗ ತಾಳ್ಮೆಯಿಂದ ಕೂತಿದ್ದ ಎಷ್ಟೋ ಜನಕ್ಕೆ ದಾರಿ ಆಯಿತು. ನಾನು ಪೇಪರ್ ಓದಿಕೊಂಡು ಕೂತೆ.

ಹಾಗಾಗಿ ಸುದ್ದಿ ಬಂದ ದಿನವೇ ರದ್ದು ಬಟನ್ ಒತ್ತಬೇಡಿ. ಮೊದಲು ಕಂಪನಿ ತಾರೀಖು ಬದಲಿಸಲು ಪುಕ್ಕಟೆ ಅವಕಾಶ ಕೊಟ್ಟಿದೆಯಾ ನೋಡಿ, ದೊಡ್ಡ ಕಾಯಿಲೆ ಎದ್ದಾಗ ಸಾಮಾನ್ಯವಾಗಿ ಕೊಡುತ್ತಾರೆ. ಏಜೆಂಟ್ ಮೂಲಕ ತೆಗೆದಿದ್ದರೆ ‘ಕಂಪನಿಯಿಂದ ಬಂದಿಲ್ಲ ಸಾರ್’ ಅಂತ ಅವರು, ‘ಏಜೆಂಟ್‌ಗೆ ಹಾಕಿದ್ದೇವೆ’ ಅಂತ ಇವರು, ಚೆಂಡಾಟ ಶುರುವಾಗುತ್ತದೆ. ಕೇಂದ್ರ ಸರ್ಕಾರದ ಏರ್‌ಸೇವಾ ಅನ್ನುವ ಜಾಲತಾಣದಲ್ಲಿ ದೂರು ಹಾಕಬಹುದು. ಒಂದು ವಿಮಾನ ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ ಅಂತ ಬಿಡಿಬಿಡಿಯಾಗಿ ಟಿಕೆಟ್ ತೆಗೆಯಬೇಡಿ. ಮೊದಲನೆಯದು ರದ್ದಾದರೆ ಎರಡನೆಯವರಿಗೆ ಅದು ಸಂಬಂಧವೇ ಇಲ್ಲ. ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿರಲಿ.

ವಿಮೆ ಬಗ್ಗೆ ಎರಡು ಮಾತು. ಟಿಕೆಟ್ ತೆಗೆದ ದಿನವೇ ವಿಮೆ ತೆಗೆಯಿರಿ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ, ಕಾಯಿಲೆ ಸುದ್ದಿ ಆದಮೇಲೆ ತೆಗೆದ ವಿಮೆಯಲ್ಲಿ ಅದು ‘ಮೊದಲೇ ಗೊತ್ತಿದ್ದ ಸಂಗತಿ’ ಆಗಿಬಿಡುತ್ತದೆ, ಆ ಕಾರಣಕ್ಕೆ ಪ್ರವಾಸ ರದ್ದಾದರೆ ಕೊಡುವುದಿಲ್ಲ ಅನ್ನಬಹುದು. ‘ಹೆದರಿಕೆ ಆಯಿತು, ಹೋಗಲಿಲ್ಲ’ ಅನ್ನುವುದಕ್ಕಂತೂ ಮಾಮೂಲಿ ಪಾಲಿಸಿಯಲ್ಲಿ ದುಡ್ಡಿಲ್ಲ. ಸಾಂಕ್ರಾಮಿಕ ಅನ್ನುವ ಪದ ಪಾಲಿಸಿಯಲ್ಲಿ ಎಲ್ಲಿದೆ ಅಂತ ಹುಡುಕಿ ಓದಿ, ಅದು ಕೊಡುವ ಪಟ್ಟಿಯಲ್ಲಿದೆಯಾ ಕೊಡದ ಪಟ್ಟಿಯಲ್ಲಿದೆಯಾ ನೋಡಿ. ಯುರೋಪಿನ ಷೆಂಗೆನ್ ವೀಸಾಗೆ ಕನಿಷ್ಠ 30,000 ಯುರೋ ವೈದ್ಯಕೀಯ ವಿಮೆ ಬೇಕೇ ಬೇಕು. ವಯಸ್ಸಾದವರ ಸಕ್ಕರೆ, ಬಿಪಿ ಮುಚ್ಚಿಡಬೇಡಿ, ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ಅದನ್ನೇ ಎತ್ತಿ ತೋರಿಸುತ್ತಾರೆ. ಅವರ ಮಾತ್ರೆಗಳನ್ನು ಅಲ್ಲಿ ಇರುವ ದಿನಗಳಿಗಿಂತ ಎರಡು-ಮೂರು ವಾರಕ್ಕೆ ಜಾಸ್ತಿಯೇ ಕಟ್ಟಿಕೊಡಿ, ಡಾಕ್ಟರ್ ಚೀಟಿ ಸಮೇತ. 2020ರಲ್ಲಿ ಮಕ್ಕಳ ಮನೆಗೆ ಹೋಗಿ ಸಿಕ್ಕಿಹಾಕಿಕೊಂಡ ಅಪ್ಪ-ಅಮ್ಮಂದಿರ ಮೊದಲ ಗೋಳು ವಿಮಾನದ್ದಲ್ಲ, ಸಕ್ಕರೆ ಮಾತ್ರೆಯದು.

ಹೊರಡುವ ದಿನ, ಬಂದಮೇಲೆ

ಜ್ವರ ಇದ್ದರೆ ಹೊರಡಬೇಡಿ. ಪ್ಯಾರಾಸಿಟಮಾಲ್ ನುಂಗಿ ಏರ್‌ಪೋರ್ಟ್‌ನಲ್ಲಿ ಮೈ ಬಿಸಿ ನೋಡುವ ಕ್ಯಾಮೆರಾ ದಾಟಬಹುದು ಅನ್ನುವ ಬುದ್ಧಿವಂತಿಕೆ ಬೇಡ, ಪಕ್ಕದ ಸೀಟಿನಲ್ಲಿ ಯಾರದೋ ಬಸುರಿ ಮಗಳು ಕೂತಿರುತ್ತಾಳೆ.

ಬಂದಮೇಲೆ ಜ್ವರ ಬಂದರೆ ಇನ್ನೂ ಮುಖ್ಯ. ಇಲ್ಲಿನ ಡಾಕ್ಟರ್ ಜ್ವರ ಅಂದಕೂಡಲೇ ಡೆಂಗಿ, ಟೈಫಾಯ್ಡ್ ಅಂತ ಯೋಚಿಸುತ್ತಾರೆ, ಅದು ತಪ್ಪೂ ಅಲ್ಲ. ನೀವು ಎಲ್ಲಿ ಹೋಗಿದ್ದಿರಿ ಅಂತ ಅವರಿಗೆ ಕನಸು ಬೀಳುವುದಿಲ್ಲ. ಅವರು ಕೇಳದಿದ್ದರೂ ನೀವೇ ಹೇಳಿ, ಯಾವ ದೇಶ, ಯಾವ ಊರು, ಯಾವ ತಾರೀಖು. ಮುಖ್ಯವಾಗಿ ಆಫ್ರಿಕಾದಿಂದ ಬಂದವರು. ಅಲ್ಲಿನ ಫಾಲ್ಸಿಪಾರಂ ಮಲೇರಿಯಾ ನಾಲ್ಕು ದಿನ ತಡ ಮಾಡಿದರೆ ಜೀವಕ್ಕೇ ಬರುತ್ತದೆ.

ಅತ್ತೆ-ಮಾವ ಮೊಮ್ಮಗನನ್ನು ನೋಡಿಕೊಂಡು ಡಿಸೆಂಬರ್‌ಗೆ ವಾಪಸ್ ಬಂದರು. ಹಳದಿ ಕಾರ್ಡು ತೋರಿಸಿ ಎರಡೇ ನಿಮಿಷದಲ್ಲಿ ಹೊರಗೆ ಬಂದೆವು ಅಂತ ಮಾವನಿಗೆ ಖುಷಿಯೋ ಖುಷಿ. ನೈರೋಬಿ ಎತ್ತರದ ತಂಪು ಊರು, ಅಲ್ಲಿ ಮಲೇರಿಯಾ ಕಡಿಮೆ. ಆದರೆ ಬರುವ ಮೊದಲು ಅಳಿಯ ಸಮುದ್ರ ತೋರಿಸುತ್ತೇನೆ ಅಂತ ಮೊಂಬಾಸಾಗೆ ಕರೆದುಕೊಂಡು ಹೋಗಿದ್ದ, ಅದು ಸೊಳ್ಳೆಯ ಊರು. ಮಲೇರಿಯಾ ತಡೆಯುವ ಮಾತ್ರೆ ಕೊಟ್ಟಿದ್ದರು, ವಾಪಸ್ ಬಂದಮೇಲೂ ನಾಲ್ಕು ವಾರ ನುಂಗಬೇಕಿತ್ತು. ಮಾವ ಮನೆಗೆ ಬಂದಮೇಲೆ ಇನ್ಯಾಕೆ ಅಂತ ಬಿಟ್ಟುಬಿಟ್ಟರು. ಹನ್ನೆರಡನೇ ದಿನ ಚಳಿಜ್ವರ. ಆಸ್ಪತ್ರೆಯಲ್ಲಿ ಡೆಂಗಿ ಪರೀಕ್ಷೆಗೆ ಬರೆದಾಯಿತು, ರಕ್ತ ತೆಗೆದೂ ಆಯಿತು. ಎದ್ದು ಬರುವಾಗ ಬಾಗಿಲ ಹತ್ತಿರ ಅತ್ತೆ ನಿಂತರಂತೆ. "ಡಾಕ್ಟ್ರೇ, ನಾವು ಮೊಂಬಾಸಾ ಅಂತ ಆಫ್ರಿಕಾದಲ್ಲಿ ಒಂದೂರಿಗೆ ಹೋಗಿ ಬಂದೀವಿ. ಇವ್ರು ಮಾತ್ರೇನೂ ಅರ್ಧಕ್ಕೇ ಬಿಟ್ಟಾರೆ. ಅದನ್ನೂ ಬರ್ಕೊಳ್ರಿ."

ಡಾಕ್ಟರ್ ಮತ್ತೆ ಕೂರಲು ಹೇಳಿ, ಇನ್ನೊಂದು ಚೀಟಿ ಬರೆದು, ರಕ್ತ ತೆಗೆಯುವ ಹುಡುಗನನ್ನು ವಾಪಸ್ ಕರೆಸಿದರಂತೆ.